ಎಂಜಿನಿಯರುಗಳು ಗೇಟಿನಿಂದ ಹೊರಗೆ ಬರಲಿ

ಮಾನ್ಯ ಸಂಪಾದಕರೇ,

ದೊಡ್ಡ ಕಂಪನಿಗಳಲ್ಲಿ ಈಗ ‘ಒಳಗಿನ ಸ್ಟಾರ್ಟಪ್’ ಮಾತು ಜೋರಾಗಿದೆ. ಉದ್ಯೋಗಿಗಳೇ ಹೊಸ ಐಡಿಯಾ ತರಬೇಕು, ಅದನ್ನು ಉದ್ಯಮದ ಹಾಗೆ ಬೆಳೆಸಬೇಕು ಅಂತ. ಒಳ್ಳೆಯದೇ. ಆದರೆ ದಿನಾ ಅದೇ ಮೀಟಿಂಗು, ಅದೇ ಮುಖಗಳು ಅಂದರೆ ಹೊಸದು ಎಲ್ಲಿಂದ ಬರಬೇಕು?

ನಮ್ಮ ಬೆಂಗಳೂರಿನ ಕಥೆಯನ್ನೇ ನೋಡಿ. ಆಸ್ಪತ್ರೆ ಉಪಕರಣ ಮಾಡುವ ಜಿಇ ಹೆಲ್ತ್‌ಕೇರ್ ಕಂಪನಿಯ ಇಲ್ಲಿನ ಎಂಜಿನಿಯರುಗಳು ಮ್ಯಾಕ್ 400 ಅನ್ನುವ ಇಸಿಜಿ (ಹೃದಯ ಬಡಿತದ ಪರೀಕ್ಷೆ) ಯಂತ್ರ ಮಾಡಿದರು. ಹಳ್ಳಿಯ ಡಾಕ್ಟರು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವಷ್ಟು ಸಣ್ಣದು, ಬ್ಯಾಟರಿಯಲ್ಲೂ ಓಡುತ್ತದೆ, ಮಾಮೂಲಿ ಯಂತ್ರಕ್ಕೆ ಸುಮಾರು 2,000 ಡಾಲರ್ ಇದ್ದಾಗ ಇದಕ್ಕೆ 800. ಅದರ ಪ್ರಿಂಟರ್ ಯಾವುದು ಗೊತ್ತಾ? ಬಸ್ ಟಿಕೆಟ್ ಕೊಡುವ ಮೆಷಿನ್ನಿನ ಥರದ್ದು! ಆಸ್ಪತ್ರೆ ಉಪಕರಣಗಳ ಲೋಕದೊಳಗೇ ಹುಡುಕುತ್ತಿದ್ದರೆ ಅದು ಯಾರಿಗೂ ಹೊಳೆಯುತ್ತಿರಲಿಲ್ಲ. ಪಿ ಅಂಡ್ ಜಿ (ಪ್ರಾಕ್ಟರ್ ಅಂಡ್ ಗ್ಯಾಂಬಲ್) ಕಂಪನಿಯೂ ಅಷ್ಟೇ. ಆಗ ತನ್ನದಾಗಿದ್ದ ಪ್ರಿಂಗಲ್ಸ್ ಚಿಪ್ಸ್ ಮೇಲೆ ಚಿತ್ರ ಅಚ್ಚು ಹಾಕುವ ದಾರಿಗಾಗಿ ಯುರೋಪಿನ ತನ್ನ ಪರಿಚಯದವರನ್ನೆಲ್ಲ ಕೇಳಿತು. ಸಿಕ್ಕಿದ್ದು ಇಟಲಿಯ ಬೊಲೊನ್ಯಾದ ಒಂದು ಸಣ್ಣ ಬೇಕರಿಯಲ್ಲಿ. 2004ರಲ್ಲಿ ಆ ಚಿಪ್ಸ್ ಮಾರುಕಟ್ಟೆಗೆ ಬಂತು.

ನಾನು ಪೀಣ್ಯದಲ್ಲಿ ಬಿಡಿಭಾಗ ಮಾಡುವ ಸಣ್ಣ ಘಟಕದಲ್ಲಿದ್ದೇನೆ. ದೊಡ್ಡ ಕಂಪನಿಯಿಂದ ನಮಗೆ ಬರುವುದು ಒಂದು ಡ್ರಾಯಿಂಗ್, ನಾವು ಕಳಿಸುವುದು ಒಂದು ಕೊಟೇಶನ್. ಮಾತುಕತೆ ಏನಿದ್ದರೂ ಪರ್ಚೇಸ್ ವಿಭಾಗದವರ ಜೊತೆ, ಅದೂ ರೇಟಿನ ಬಗ್ಗೆ ಮಾತ್ರ. ಡಿಸೈನ್ ಮಾಡಿದವರ ಮುಖವನ್ನೇ ನಾವು ನೋಡಿರುವುದಿಲ್ಲ. ಈ ಮೂಲೆಯನ್ನು ಸ್ವಲ್ಪ ಬದಲಾಯಿಸಿದರೆ ಎರಡು ಹಂತದ ಕೆಲಸ ಉಳಿತಾಯವಾಗುತ್ತದೆ, ವಸ್ತುವೂ ಕಡಿಮೆ ಸಾಕು ಅಂತ ನಮ್ಮ ಲೇತ್ ಆಪರೇಟರ್‌ಗೆ ಗೊತ್ತಿರುತ್ತದೆ, ಆದರೆ ಯಾರಿಗೆ ಹೇಳಬೇಕು? ನಾವು ಬೇರೆ ಬೇರೆ ಉದ್ಯಮಗಳಿಗೆ ಕೆಲಸ ಮಾಡುವವರು, ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ.

ಗುಟ್ಟು ಹೊರಗೆ ಹೋಗುತ್ತೆ ಅನ್ನುವ ಭಯ ದೊಡ್ಡ ಕಂಪನಿಗಳಿಗಿದೆ, ಅದು ಸುಳ್ಳಲ್ಲ. ಅದಕ್ಕೆ ಕರಾರು ಪತ್ರ ಇದೆಯಲ್ವಾ, ನಾವು ಹೇಗೂ ಸಹಿ ಹಾಕುತ್ತೇವೆ. ಹೊರಗಿನಿಂದ ತಂದ ವಿಚಾರಕ್ಕೆ ಒಳಗೆ ಸ್ವಲ್ಪ ದುಡ್ಡು, ಸಮಯ ಕೊಡುವ ಮ್ಯಾನೇಜರೂ ಬೇಕು, ಇಲ್ಲದಿದ್ದರೆ ಸುಮ್ನೆ ಫೈಲಿನಲ್ಲೇ ಉಳಿಯುತ್ತದೆ.

ಕೈಗಾರಿಕಾ ಸಂಘಗಳು ಇದನ್ನು ಕೈಗೆತ್ತಿಕೊಳ್ಳಲಿ. ತಿಂಗಳಿಗೊಂದು ದಿನ ಡಿಸೈನ್ ಎಂಜಿನಿಯರುಗಳನ್ನು ನಮ್ಮ ಶೆಡ್ಡುಗಳಿಗೆ ಕಳಿಸಿ, ರೇಟಿನ ಮಾತು ಆವತ್ತು ಬೇಡ.

– ಒಬ್ಬ ಓದುಗ, ಪೀಣ್ಯ, ಬೆಂಗಳೂರು