ಪುಟ್ಟಿಗೆ, ಬ್ಯಾಂಡಿನ ವಿಚಾರವಾಗಿ

ಮೈಸೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯ ಸಾಲು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಮಗಳ ಶಾಲೆಯ ಬ್ಯಾಂಡಿಗೆ ನೆರವಾಗಲು ಉಳಿದ ಮಕ್ಕಳ ತಂದೆತಾಯಿಯರ ಜೊತೆ ಕೆಲಸಕ್ಕೆ ನಿಂತರೆ ನಿನ್ನ ಮಾತಿನ ಧಾಟಿ ಕೇಳಿ ಅವಳಿಗೆ ನಾಚಿಕೆಯಾಗಬಹುದು ಎಂದು ಬರೆದಿದ್ದೀಯೆ. ಹಾಗೆಂದು ಅವಳೇ ಹೇಳಿದಳೇ, ಅಥವಾ ನೀನೇ ಊಹಿಸಿಕೊಂಡೆಯಾ?

ನಿನ್ನಣ್ಣ ಏಳನೆಯ ತರಗತಿಯಲ್ಲಿ ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದ. ಆಗಸ್ಟ್ 15ರ ಕವಾಯತಿನ ದಿನ ಮಕ್ಕಳ ಸಮವಸ್ತ್ರ ಸರಿಮಾಡಲು, ಪಾನಕ ಹಂಚಲು ತಾಯಂದಿರು ಬರಬೇಕೆಂದು ಚೀಟಿ ಬಂದಿತ್ತು. ಬರುವವರೆಲ್ಲ ಇಂಗ್ಲಿಷಿನಲ್ಲಿ ಮಾತನಾಡುವವರು. ಮಗನಿಗೆ ಅವಮಾನವಾದೀತೆಂದು ನಾನು ಮನೆಯಲ್ಲೇ ಉಳಿದೆ. ಅಲ್ಲಿ ಅವನ ಅಂಗಿಯ ಗುಂಡಿ ಕಿತ್ತುಹೋಯಿತಂತೆ. ಯಾರದೋ ತಾಯಿ ಹೊಲಿದುಕೊಟ್ಟರಂತೆ, ಬಿಳಿ ಅಂಗಿಗೆ ನೀಲಿ ದಾರದಲ್ಲಿ. ಸಂಜೆ ಬಂದು ತೋರಿಸಿದ. ನೀನೇಕೆ ಬರಲಿಲ್ಲ ಎಂದು ಕೇಳಲಿಲ್ಲ. ಮುಂದಿನ ವರ್ಷದಿಂದ ಶಾಲೆಯ ಚೀಟಿಗಳನ್ನು ನನಗೆ ಕೊಡುವುದನ್ನೇ ಬಿಟ್ಟ.

ಅವನಿಗೆ ನಾಚಿಕೆಯಿತ್ತೇ ಎಂದು ನಾನು ಕೇಳಿರಲೇ ಇಲ್ಲ, ಪುಟ್ಟಿ. ಜಂಬೂ ಸವಾರಿಯಲ್ಲಿ ಪೊಲೀಸ್ ಬ್ಯಾಂಡ್ ಸಾಗುವಾಗ ಇಂದಿಗೂ ನನ್ನ ಕಣ್ಣು ಅವರ ಅಂಗಿಯ ಗುಂಡಿಗಳ ಮೇಲೆಯೇ ಇರುತ್ತದೆ.

ನಿಮ್ಮ ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಮಾರಿಂಬಾ, ಟಿಂಪನಿಯಂಥ ದೊಡ್ಡ ವಾದ್ಯಗಳನ್ನು ಗಾಲಿಗಳ ಮೇಲೆ ಮೈದಾನಕ್ಕೆ ತಳ್ಳಿ ತರುವವರು ತಂದೆತಾಯಿಯರೇ ಎಂದು ನೀನೇ ಬರೆದಿದ್ದೀಯೆ. ಟೋಪಿಗಳಿಗೆ ಗರಿ ಸಿಕ್ಕಿಸುವವರು, ಆಗಸ್ಟ್‌ನ ಉರಿಬಿಸಿಲಿನ ಅಭ್ಯಾಸದಲ್ಲಿ ನೀರು ಕೊಡುವವರು, ತಿಂಡಿ ಮಾರಿ ಬ್ಯಾಂಡಿಗೆ ಹಣ ಕೂಡಿಸುವವರು ಕೂಡ ಅವರೇ. ಬಾಯಾರಿದ ಹುಡುಗಿ ನೀರು ಕೊಟ್ಟವಳ ಧಾಟಿಯನ್ನು ಗಮನಿಸುತ್ತಾಳೆಯೇ?

ಅಲ್ಲಿಯ ರೀತಿನೀತಿ ಕಾಣದ ನಾನು ಹೀಗೆ ಹೇಳುವುದು ಸರಿಯೋ ಏನೋ. ಮೊದಲು ಸಮವಸ್ತ್ರದ ಕೆಲಸವನ್ನೇ ಕೇಳಿಕೋ. ಹೊಲಿಗೆ ನಿನ್ನ ಕೈಗೆ ಒಗ್ಗಿದ್ದು. ಸ್ವಯಂಸೇವಕರ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆ ಎಂದಿದ್ದೆಯಲ್ಲ, ಆ ಅರ್ಜಿಯನ್ನು ಬೇಗ ತುಂಬು. ತಿಂಡಿಯಂಗಡಿಯ ಗದ್ದಲ ಬೇಡವೆನಿಸಿದರೆ ಬಿಡು, ಅದಕ್ಕಾಗಿ ನೊಂದುಕೊಳ್ಳಬೇಡ.

ಆದರೆ ಅವಳನ್ನು ಒಮ್ಮೆ ಕೇಳು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಕೇಳಬೇಡ, ಎದುರಿಗೆ ಕುಳಿತು ಕೇಳು. ಬರಬೇಡ ಎಂದರೆ ಆಗ ಯೋಚಿಸೋಣ. ಅವಳು ಹೇಳದ ಮಾತಿಗೆ ನೀನಾಗಿ ಹಿಂದೆ ಸರಿಯಬೇಡ ತಾಯಿ, ನಾನು ಸರಿದಂತೆ.

ಅವಳ ಸಮವಸ್ತ್ರದ ಬಣ್ಣ ಯಾವುದೆಂದು ನೀನು ಬರೆಯಲಿಲ್ಲ.

ನಿನ್ನ ದೊಡ್ಡಮ್ಮ