ಚರ್ಚ್ ಯುವಜನರ ಸೇವೆ ಶೌಚಗುಂಡಿಯವರೆಗೂ ಹೋಗಲಿ

ಮಾನ್ಯರೇ,

ಕ್ರಿಸ್ಮಸ್ ಬಂತೆಂದರೆ ಕೆಜಿಎಫ್, ಬಂಗಾರಪೇಟೆ, ಕೋಲಾರದ ಚರ್ಚ್‌ಗಳ ಯುವಜನ ಸಂಘಗಳು ಕಂಬಳಿ ಹಂಚುತ್ತವೆ, ವೃದ್ಧಾಶ್ರಮದಲ್ಲಿ ಊಟ ಹಾಕಿಸುತ್ತವೆ. ಬೇಕಾದ ಕೆಲಸಗಳೇ. ಆದರೆ ಕಂಬಳಿ ಹೊದ್ದು ಮಲಗಿದ ಮನುಷ್ಯ ಮರುದಿನ ಎದ್ದು ಯಾರದೋ ಮನೆಯ ಶೌಚಗುಂಡಿಗೆ ಇಳಿಯುವುದಾದರೆ ನಮ್ಮ ಸೇವೆ ಅರ್ಧಕ್ಕೇ ನಿಂತಂತೆ. 1966ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಆ ಊರಿನ ಯುವಜನರಿಗೆ ಇದು ಪಕ್ಕದವರ ವಿಷಯ ಅಲ್ಲ.

ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ನಮ್ಮ ಹುಡುಗರು ಹುಡುಗಿಯರು ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೈಗೆ ಸಿಗುವುದು ಭಾನುವಾರದ ಮಧ್ಯಾಹ್ನ ಮಾತ್ರ. ಅಷ್ಟು ಸಾಕು, ಕೆಲಸ ಚರ್ಚ್ ಆವರಣದಿಂದಲೇ ಶುರುವಾದರೆ. ಪಾದ್ರಿಗಳ ಮನೆ, ಶಾಲೆ, ಹಾಸ್ಟೆಲ್ ಹೀಗೆ ಎಲ್ಲ ಕಟ್ಟಡಗಳ ಗುಂಡಿಗಳನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ: ಎಲ್ಲಿದೆ, ಮುಚ್ಚಳ ತೆಗೆಯಲು ಬರುತ್ತದೆಯೇ, ಗುಂಡಿಯ ಕೆಸರನ್ನು ಯಂತ್ರದಿಂದ ಎಳೆಯುವ ಟ್ಯಾಂಕರ್ ಎಷ್ಟು ಹತ್ತಿರ ಬರಬಲ್ಲದು, ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ, ಯಂತ್ರದಿಂದಲೋ ಮನುಷ್ಯರಿಂದಲೋ. ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಹಿರಿಯರು ಮುಜುಗರ ಪಡಬಹುದು. ಆದರೂ ಬರೆಯಿರಿ. ಸ್ವಂತ ಅಂಗಳದ ಲೆಕ್ಕ ಇಲ್ಲದೆ ಬೀದಿಗೆ ಹೋಗಿ ನ್ಯಾಯ ಹೇಳಿದರೆ ಯಾರೂ ಕೇಳುವುದಿಲ್ಲ. ಅದು ಮುಗಿದ ಮೇಲೆ ಸಭೆಯ ಕುಟುಂಬಗಳ ಮನೆ, ಆಮೇಲೆ ಬೀದಿ.

ಟ್ಯಾಂಕರ್ ಸಿಗುವ ಕಡೆಯೂ ಮನುಷ್ಯರನ್ನು ಇಳಿಸುವುದಕ್ಕೆ ಕಾರಣಗಳಿವೆ. ಗುಂಡಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಹತ್ತು ವರ್ಷ ಬಿಟ್ಟರೆ ತಳದ ಕೆಸರು ಗಟ್ಟಿಯಾಗುತ್ತದೆ, ಯಂತ್ರ ಮೇಲಿನ ನೀರನ್ನಷ್ಟೇ ಎಳೆದು ನಿಲ್ಲುತ್ತದೆ. ಬಟ್ಟೆ, ಪ್ಯಾಡು, ಪ್ಲಾಸ್ಟಿಕ್ ಹಾಕಿದ್ದರೆ ಪೈಪಿನ ಬಾಯಿ ಕಟ್ಟಿಕೊಳ್ಳುತ್ತದೆ. ಕೆಲವು ಮನೆಗಳಲ್ಲಿ ಮುಚ್ಚಳದ ಮೇಲೆಯೇ ಟೈಲ್ಸ್ ಹಾಕಿಸಿರುತ್ತಾರೆ. ಆಗಲೇ "ಒಬ್ಬನನ್ನು ಇಳಿಸಿ" ಎಂಬ ಮಾತು ಬರುವುದು. ಹಾಗಾಗಿ ಸಂಘ ಮಾಡಬೇಕಾದ ಬಹುಪಾಲು ಕೆಲಸ ಗುಂಡಿ ತುಂಬುವ ಮೊದಲೇ ಇದೆ: ಗಡುವು ಬಂದ ಮನೆಗೆ ನೆನಪಿಸುವುದು, ಒಂದೇ ಬೀದಿಯ ಮನೆಗಳನ್ನು ಸೇರಿಸಿ ಒಂದೇ ದಿನ ಟ್ಯಾಂಕರ್ ತರಿಸಿ ಖರ್ಚು ಇಳಿಸುವುದು, ಮುಚ್ಚಳ ಬಿಡಿಸಿಡುವುದು. ಕೆಸರು ಗಟ್ಟಿಯಾಗಿದ್ದರೆ ನೀರು ಬಿಟ್ಟು ಮೇಲಿನಿಂದಲೇ ಕಲಕಿ ಮತ್ತೆ ಎಳೆಸಬೇಕು. ಇದು ಟ್ಯಾಂಕರ್‌ನವರ ಕೆಲಸ, ಸ್ವಯಂಸೇವಕರದ್ದಲ್ಲ. ಕಲಕುವಾಗ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಲೇ ಏಳುತ್ತದೆ. ಯಾರೂ ಬಾಗಿ ನೋಡಬಾರದು.

ಈ ಅನಿಲದ ವಿಷಯ ಪ್ರತಿಯೊಬ್ಬ ಸದಸ್ಯರಿಗೂ ಬಾಯಿಪಾಠ ಆಗಬೇಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಅದು ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. "ಈಗ ನಾತ ಇಲ್ಲ, ಇಳಿಯಬಹುದು" ಎಂದುಕೊಳ್ಳುವ ಗಳಿಗೆಯೇ ಪ್ರಾಣಕ್ಕೆ ಎರವಾಗುತ್ತದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸಿದರೆ ಗುಂಡಿಯಲ್ಲಿರುವ ಇನ್ನೊಂದು ಅನಿಲ ಮೀಥೇನ್ ಹೊತ್ತಿಕೊಳ್ಳಬಹುದು. ಕರವಸ್ತ್ರವಾಗಲಿ, ಕೋವಿಡ್ ಕಾಲದ ಮಾಸ್ಕ್ ಆಗಲಿ ಅನಿಲವನ್ನು ತಡೆಯುವುದಿಲ್ಲ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸಾಯುವುದು ಏಕೆಂದರೆ ಮೊದಲು ಬಿದ್ದವನನ್ನು ಎತ್ತಲು ಅಣ್ಣನೋ ತಮ್ಮನೋ ಹಾರುತ್ತಾನೆ. ಹಾರಬಾರದು. ಸುತ್ತಲಿನವರನ್ನು ದೂರ ಸರಿಸಿ ತಕ್ಷಣ 112ಕ್ಕೆ ಕರೆ ಮಾಡಬೇಕು.

ಕಾನೂನು ಸ್ಪಷ್ಟವಾಗಿದೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಈ ಮಾತು ನಗರಸಭೆಗೆ ಎಷ್ಟೋ ಮನೆ ಮಾಲೀಕರಿಗೂ, ಚರ್ಚ್ ಸಮಿತಿಗೂ ಅಷ್ಟೇ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 2014ರಲ್ಲಿ 10 ಲಕ್ಷ ನಿಗದಿ ಮಾಡಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಹಣ ಕೈತಪ್ಪುವುದುಂಟು. ಕರೆಸಿದವರು ಕೈಗೆ ಕಾಸು ಕೊಟ್ಟಿರುತ್ತಾರೆ, ಚೀಟಿ ಇರುವುದಿಲ್ಲ. ಎಫ್‌ಐಆರ್‌ನಲ್ಲಿ "ಕಾಲು ಜಾರಿ ಬಿದ್ದು" ಎಂದಷ್ಟೇ ಬರುತ್ತದೆ. ಯಾರು ಕರೆದರು, ಯಾವ ನಂಬರಿನಿಂದ, ಎಷ್ಟು ಕೂಲಿ ಎಂಬುದನ್ನು ಕಾರ್ಮಿಕರೇ ಡೈರಿಯಲ್ಲಿ ಬರೆದಿಡಲು ಸಂಘದವರು ನೆರವಾಗಲಿ. ಸಾವು ಸಂಭವಿಸಿದರೆ ಎಫ್‌ಐಆರ್‌ನಲ್ಲಿ 2013ರ ಕಾಯ್ದೆಯ ಹೆಸರು ಬಂದಿದೆಯೇ ಎಂದು ಅದೇ ದಿನ ಓದಿ ನೋಡಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಗೆ ಕೊಡುವ ಅರ್ಜಿಗೆ ಹಿಂಬರಹ ಪಡೆಯುವುದನ್ನು ಮರೆಯಬಾರದು.

ಈ ಕಾರ್ಮಿಕರ ಮಕ್ಕಳ ಕಾಗದಪತ್ರದಲ್ಲೂ ಒಂದು ಸಾಮಾನ್ಯ ತಪ್ಪಿದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ಕ್ಕೆ ಸೇರುತ್ತಾರೆ. ಶಾಲೆಗೆ ಸೇರಿಸುವಾಗ ಬರೀ "ಕ್ರೈಸ್ತ" ಎಂದು ಬರೆಸಿಬಿಟ್ಟರೆ ಬೇರೆ ಪ್ರವರ್ಗವಾದ 3ಬಿ ಆಗಿಬಿಡುತ್ತದೆ. ಆಮೇಲೆ ತಿದ್ದಿಸಲು ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕೆಂಬುದು ಅಲೆದವರಿಗೇ ಗೊತ್ತು. ದಾಖಲಾತಿಗೆ ಮುಂಚೆಯೇ ಒಂದು ಭಾನುವಾರ ಕೂತು ಈ ಅರ್ಜಿಗಳನ್ನು ನೋಡಿಕೊಡುವುದು ಪದವಿ ಓದುವ ಯುವಜನರಿಗೆ ಕಷ್ಟವಲ್ಲ.

ಸೇವೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹಾಕುವ ಚಟವನ್ನು ಇಲ್ಲಿ ಬಿಡಲೇಬೇಕು. ಕಾರ್ಮಿಕರ ಮುಖ ಕಂಡರೆ ಅವರಿಗಿದ್ದ ಕೂಲಿಯೂ ತಪ್ಪುತ್ತದೆ, ಅವರ ಮಕ್ಕಳು ಶಾಲೆಯಲ್ಲಿ ತಲೆ ತಗ್ಗಿಸುತ್ತಾರೆ. ತರಬೇತಿಗೆ ಅವರನ್ನೇ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ, ಆ ದಿನದ ಕೂಲಿ ಕೊಡಿ. ಯಾವ ಗುಂಡಿ ಹೇಗೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಪಾದ್ರಿಗಳಲ್ಲಿ, ಪಾಸ್ಟರ್‌ಗಳಲ್ಲಿ, ಚರ್ಚ್ ಸಮಿತಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಈ ಸಲದ ಕ್ರಿಸ್ಮಸ್ ಖರ್ಚಿನ ಪಟ್ಟಿಯಲ್ಲಿ ಕಂಬಳಿಯ ಕೆಳಗೆ ಟ್ಯಾಂಕರ್ ಬಾಡಿಗೆಗೂ ಒಂದು ಸಾಲು ಸೇರಿಸಿ. ಮೊದಲ ಟ್ಯಾಂಕರ್ ಚರ್ಚ್ ಆವರಣಕ್ಕೇ ಬರಲಿ.

— ಚರ್ಚ್ ಯುವಜನ ಸಂಘದ ಕಾರ್ಯಕರ್ತರು, ಕೆಜಿಎಫ್, ಕೋಲಾರ ಜಿಲ್ಲೆ