ಥರ್ಮೋಸ್ಟಾಟ್ ಕೆಲಸದ ರೀತಿ ಮತ್ತು ದರ ಬದಲಾಗುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲ ಗ್ರಾಹಕರಿಗೂ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಕೆಲಸದಲ್ಲಿ ಎರಡು ಬದಲಾವಣೆ ಆಗುತ್ತಿವೆ. ಮೊದಲನೆಯದು, ಥರ್ಮೋಸ್ಟಾಟ್ ಅಂದರೆ ರೂಮಿನ ಬಿಸಿ ನೋಡಿ ಏಸಿ ನಡೆಸುವ ಗೋಡೆಯ ಡಬ್ಬಿ. ಇಂಥವು ಮೂರು ಅಥವಾ ಅದಕ್ಕಿಂತ ಜಾಸ್ತಿ ಒಂದೇ ಹಬ್‌ಗೆ (ಎಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ಪೆಟ್ಟಿಗೆಗೆ) ಸೇರುವ ಮನೆಗಳಲ್ಲಿ, ಅವುಗಳ ನಡುವಿನ ಡೇಟಾ ವೈರನ್ನು ನಾವೇ ಎಳೆಯುತ್ತೇವೆ. ಬೇರೆಯವರು ಎಳೆದ ವೈರಾದರೆ ಗಿಲಾವ್ (ಗೋಡೆಯ ಪ್ಲಾಸ್ಟರ್) ಆಗುವ ಮೊದಲು ನಾವು ಬಂದು, ಮೀಟರ್ ಹಿಡಿದು ನೋಡಿ ಒಪ್ಪಬೇಕು. ಎರಡನೆಯದು, ರೂಮಿಗೆ ಇಷ್ಟು ಅಂತ ಇದ್ದ ಗುತ್ತಿಗೆ ದರ ನಿಲ್ಲುತ್ತದೆ. ಇನ್ನು ಮೇಲೆ ಬಿಲ್ಲಿನಲ್ಲಿ ವೈರಿಂಗ್, ಸಾಮಾನು, ಸೆಟ್ಟಿಂಗ್ ಮೂರೂ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ದರಪಟ್ಟಿ ಈ ಪತ್ರದ ಜೊತೆಗೇ ಇದೆ.

ಹೆಚ್ಚಿನವರಿಗೆ ಒಟ್ಟು ಮೊತ್ತ ಏರುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಮನೆ ಅರ್ಧ ಕಟ್ಟಿ ನಿಲ್ಲಿಸಿದವರಿಗೆ, ಸಾಲದ ಕಂತು ಲೆಕ್ಕ ಹಾಕಿ ಕೂತವರಿಗೆ ಇದು ತೊಂದರೆಯೇ. ಅವರೆಲ್ಲರ ಕ್ಷಮೆ ಕೇಳುತ್ತೇವೆ. ಆದರೆ ಕೆಲಸ ಸರಿಯಾಗಿ ಆಗಬೇಕು, ನಾವೂ ಅಂಗಡಿ ನಡೆಸಿಕೊಂಡು ಹೋಗಬೇಕು ಅಂದರೆ ಇದೊಂದೇ ದಾರಿ ಉಳಿದಿತ್ತು.

ಕೌಂಟರ್ ಮುಂದೆ, ಫೋನಿನಲ್ಲಿ, ಯಾರದೋ ಮದುವೆಯಲ್ಲಿ ಸಿಕ್ಕಾಗ ಕೂಡ ನಾವು ಕೇಳುವ ಮಾತು ಒಂದೇ. 'ಥರ್ಮೋಸ್ಟಾಟ್ ಆನ್‌ಲೈನ್‌ನಲ್ಲಿ ಇದಕ್ಕಿಂತ ಕಡಿಮೆಗೆ ಸಿಗ್ತದ. ಗೋಡೆಗೆ ಎರಡು ಸ್ಕ್ರೂ ಹೊಡಿಲಿಕ್ಕೆ ಇಷ್ಟು ರೊಕ್ಕ ಯಾಕ್ರಿ?'

ಹೀಗೆ ಕೇಳುವುದರಲ್ಲಿ ತಪ್ಪಿಲ್ಲ. ಗೋಡೆಯ ಮೇಲೆ ಕಾಣುವುದು ಅಂಗೈ ಅಗಲದ ಡಬ್ಬಿ ಮಾತ್ರ. ರೊಕ್ಕ ಹೋಗುವುದು ಅದರ ಹಿಂದೆ. ಅದನ್ನು ಒಮ್ಮೆ ಬಿಡಿಸಿ ಹೇಳಬೇಕು ಅಂತಲೇ ಈ ಪತ್ರ ಇಷ್ಟು ಉದ್ದ ಆಗಿದೆ.

ಒಂದು ಏಸಿಗೆ ಒಂದೇ ಥರ್ಮೋಸ್ಟಾಟ್ ಇದ್ದರೆ ಕೆಲಸ ನಿಜಕ್ಕೂ ಸಣ್ಣದು. ಅದರ ದರವನ್ನು ನಾವು ಮುಟ್ಟಿಲ್ಲ. ಪಡಸಾಲೆ, ಮೂರು ಬೆಡ್‌ರೂಮು, ಮೇಲಿನ ಟಿವಿ ರೂಮು ಎಲ್ಲವೂ ಒಂದೇ ಹಬ್‌ಗೆ ಸೇರಿ ಮೊಬೈಲಿನಿಂದ ನಡೆಯಬೇಕು ಅಂದಾಗ ಮಾತು ಬೇರೆ. ಅಲ್ಲಿ ನಾವು ಬಳಸುವುದು ಹೆಚ್ಚಾಗಿ ಆರ್‌ಎಸ್-485 ಅನ್ನುವ ಡೇಟಾ ಲೈನು, ಅದರ ಮೇಲೆ ಹಬ್ ಮತ್ತು ಥರ್ಮೋಸ್ಟಾಟ್‌ಗಳು ಮಾತಾಡುವ ಭಾಷೆ ಮಾಡ್‌ಬಸ್. ಒಂದಕ್ಕೊಂದು ಹೆಣೆದ ಎರಡು ತಾಮ್ರದ ಎಳೆ, ಹೊರಗಿನ ಗದ್ದಲ ತಡೆಯಲು ಮೇಲೊಂದು ಲೋಹದ ಹೊದಿಕೆ, ಅದೇ ಶೀಲ್ಡ್. ಈ ವೈರು ಹಬ್‌ನಿಂದ ಹೊರಟು ಮೊದಲ ಥರ್ಮೋಸ್ಟಾಟ್‌ಗೆ, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಪಂಕ್ತಿಯಲ್ಲಿ ಬಡಿಸುತ್ತಾ ಹೋದ ಹಾಗೆ ಕೊನೆಯ ತನಕ ಒಂದೇ ಸಾಲಿನಲ್ಲಿ ಹೋಗಬೇಕು. ನಡುವೆ ಕವಲು ಒಡೆಯಬಾರದು.

ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳ ರೂಢಿ ಬೇರೆ. ಲೈಟು, ಫ್ಯಾನು, ಪ್ಲಗ್ ಪಾಯಿಂಟಿಗೆ ಅಂತ ಡಿಬಿಯಿಂದ (ಮನೆಯ ಮೇನ್ ಕರೆಂಟ್ ಬೋರ್ಡಿನಿಂದ) ಒಂದೊಂದು ರೂಮಿಗೆ ಒಂದೊಂದು ಪೈಪು ಎಳೆಯುತ್ತಾರೆ. ಕರೆಂಟಿಗೆ ಅದು ಸರಿಯಾದ ರೀತಿ. ಡೇಟಾ ವೈರನ್ನೂ ಹಾಗೇ ಎಳೆದರೆ ಸಿಗ್ನಲ್ ಪ್ರತಿ ಕವಲಿನ ತುದಿಗೆ ಹೋಗಿ, ಬಡಿದು ತಿರುಗಿ ಬಂದು, ಒಂದಕ್ಕೊಂದು ಅಡ್ಡ ಬೀಳುತ್ತದೆ. ಮೊದಲ ದಿನ ಇದು ಗೊತ್ತೇ ಆಗುವುದಿಲ್ಲ. ವಾಸ್ತುಶಾಂತಿಯ ದಿನ ಬೀಗರ ಮುಂದೆ ಮೊಬೈಲಿನಿಂದಲೇ ಏಸಿ ಹಚ್ಚಿ ತೋರಿಸುತ್ತೀರಿ. ಆಮೇಲೆ ಒಂದು ದಿನ ಮೇಲಿನ ಬೆಡ್‌ರೂಮು ಆಫ್‌ಲೈನ್. ತಾನೇ ಬರುತ್ತದೆ. ಮತ್ತೆ ಹೋಗುತ್ತದೆ. ಆಗ ಫೋನು ಬರುವುದು ನಮಗೆ.

ಸಿಗ್ನಲ್ ತುದಿಗೆ ಬಡಿದು ತಿರುಗಿ ಬರದಂತೆ ಈ ಸಾಲಿನ ಎರಡೂ ತುದಿಗೆ ಒಂದೊಂದು 120 ಓಮ್ ರೆಸಿಸ್ಟರ್ ಇರಬೇಕು. ನಡುವೆ ಎಲ್ಲೂ ಬೇಡ. ಕರೆಂಟ್ ತೆಗೆದು, ಎ ಮತ್ತು ಬಿ ಅಂತ ಕರೆಯುವ ಆ ಎರಡು ಎಳೆಗಳ ನಡುವೆ ಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು, ಯಾಕಂದರೆ ಎರಡು 120 ಪ್ಯಾರಲಲ್ ಆಗಿವೆ. 120 ತೋರಿಸಿದರೆ ಒಂದು ತುದಿಯ ರೆಸಿಸ್ಟರ್ ಇಲ್ಲ, ಇಲ್ಲವೇ ವೈರು ಎಲ್ಲೋ ತುಂಡಾಗಿದೆ. 40 ತೋರಿಸಿದರೆ ಯಾರೋ ನಡುವೆ ಮೂರನೆಯದನ್ನು ಹಾಕಿದ್ದಾರೆ. ನಮ್ಮ ಹುಡುಗ ಗೋಡೆಯ ಮುಂದೆ ಮೊಣಕಾಲೂರಿ ಮೀಟರನ್ನೇ ನೋಡುತ್ತಾ ಕೂತದ್ದನ್ನು ನೀವು ಕಂಡಿರುತ್ತೀರಿ. ಸುಮ್ನೆ ಕೂತಿದ್ದಾನೆ ಅಂತ ಅನಿಸಿರಬಹುದು. ಅವನು ಹುಡುಕುತ್ತಿರುವುದು ಈ 60ನ್ನು. ಗಿಲಾವ್ ಆದ ಮೇಲೆ ಆ ಅಂಕಿ ಸಿಗಲಿಲ್ಲ ಅಂದರೆ ಗೋಡೆ ಒಡೆಯಬೇಕಾಗುತ್ತದೆ. ಗೌಂಡಿ ಕೆಲಸ ಶುರು ಮಾಡುವ ಮೊದಲೇ ನಮ್ಮನ್ನು ಕರೆಯಿರಿ ಅಂತ ಒತ್ತಿ ಹೇಳುವುದು ಅದಕ್ಕೇ.

ಪೈಪು ಉಳಿಸಲು ಡೇಟಾ ವೈರನ್ನು 230 ವೋಲ್ಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ತುರುಕಿದ್ದನ್ನೂ ನೋಡಿದ್ದೇವೆ. ಸಿಗ್ನಲ್ ಕೆಡುತ್ತದೆ ಅನ್ನುವುದು ಒಂದು. ಇನ್ಸುಲೇಶನ್ ಎಲ್ಲಾದರೂ ಸವೆದರೆ ಕೆಲವೇ ವೋಲ್ಟಿನ ಲೈನಿಗೆ 230 ನುಗ್ಗಿ, ಸಾಲಿನಲ್ಲಿರುವ ಥರ್ಮೋಸ್ಟಾಟ್‌ಗಳೆಲ್ಲ ಒಮ್ಮೆಲೇ ಸುಟ್ಟು ಹೋಗಬಹುದು ಅನ್ನುವುದು ಇನ್ನೊಂದು. ಮುಟ್ಟಿದವರಿಗೂ ಅಪಾಯ. ಅಂಥ ಲೈನಿಗೆ ನಾವು ಕೈ ಹಚ್ಚುವುದಿಲ್ಲ, ಎಷ್ಟೇ ಹಳೆಯ ಪರಿಚಯ ಇದ್ದರೂ.

ವೈರು ಸರಿಯಾದ ಮೇಲೆ ಸೆಟ್ಟಿಂಗ್. ಒಂದೇ ಮಾಡೆಲಿನ ಥರ್ಮೋಸ್ಟಾಟ್‌ಗಳು ಡಬ್ಬಿಯಿಂದ ಹೊರಬರುವಾಗ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ಅಡ್ರೆಸ್, ಅಂದರೆ ಹಬ್ ಗುರುತು ಹಿಡಿಯುವ ನಂಬರು, ಇರುತ್ತದೆ. ಹಾಗೇ ಹಚ್ಚಿದರೆ ಹಬ್ ಒಂದನ್ನು ಕೇಳಿದಾಗ ಐದೂ ಒಟ್ಟಿಗೆ ಉತ್ತರ ಕೊಡುತ್ತವೆ, ಹಬ್‌ಗೆ ಏನೂ ತಿಳಿಯುವುದಿಲ್ಲ. ಅದಕ್ಕೆ ಒಂದೊಂದನ್ನೇ ಲೈನಿಗೆ ಹಚ್ಚಿ ಬೇರೆ ಬೇರೆ ಅಡ್ರೆಸ್ ಕೊಡಬೇಕು. ಬಾಡ್ ರೇಟ್ (ಡೇಟಾ ಕಳಿಸುವ ವೇಗ), ಪ್ಯಾರಿಟಿ (ತಪ್ಪು ಹಿಡಿಯುವ ಸೆಟ್ಟಿಂಗ್) ಎಲ್ಲದರಲ್ಲೂ ಒಂದೇ ಆಗಿರಬೇಕು. ನಾಲ್ಕು 9600ರಲ್ಲಿದ್ದು ಒಂದು 19200ರಲ್ಲಿದ್ದರೆ ಆ ಒಂದು ಮಾತೇ ಆಡುವುದಿಲ್ಲ. ಒಂದು ಕಂಪನಿ ಎ ಅಂತ ಬರೆದ ಎಳೆ ಇನ್ನೊಂದು ಕಂಪನಿಯಲ್ಲಿ ಬಿ ಆಗಿರಬಹುದು. ಕೆಲವು 24.5 ಡಿಗ್ರಿಯನ್ನು 245 ಅಂತ ಕಳಿಸುತ್ತವೆ, ಹತ್ತರಿಂದ ಭಾಗಿಸು ಅಂತ ಹಬ್‌ಗೆ ಹೇಳಿಕೊಡಬೇಕು. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರುವಾಗಬಾರದು, ಮೂರು ನಿಮಿಷವಾದರೂ ಬಿಡುವು ಬೇಕು. ಕರೆಂಟ್ ಹೋಗಿ ಬಂದಾಗ ಎಲ್ಲ ಏಸಿ ಒಮ್ಮೆಲೇ ಎದ್ದು ಲೋಡ್ ಬೀಳದಂತೆ ಒಂದೊಂದನ್ನು ಸ್ವಲ್ಪ ಸ್ವಲ್ಪ ತಡಮಾಡಿ ಶುರು ಮಾಡಿಸಬೇಕು.

ಇದೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸ. ಸುತ್ತಿಗೆಯ ಸದ್ದಿಲ್ಲ, ಧೂಳಿಲ್ಲ. ಗೋಡೆ ಕೊರೆದ ಕೂಲಿಗೆ ಯಾರೂ ಚೌಕಾಸಿ ಮಾಡುವುದಿಲ್ಲ, ಈ ಕೆಲಸಕ್ಕೆ ಮಾತ್ರ 'ಇದು ಫ್ರೀ ಅಲ್ವಾ?' ಅನ್ನುತ್ತಾರೆ. ನಮಗೆ ನಿಜಕ್ಕೂ ಬೇಜಾರಾಗುವುದು ಇಲ್ಲಿ. ಬಿಲ್ಲಿನಲ್ಲಿ ಇದಕ್ಕೆ ಬೇರೆ ಸಾಲು ಮಾಡಿದ್ದೂ ಅದಕ್ಕಾಗಿಯೇ.

ಥರ್ಮೋಸ್ಟಾಟ್ ಎಲ್ಲಿ ಕೂರಬೇಕು ಅನ್ನುವುದರ ಬಗ್ಗೆಯೂ ಒಂದು ಮಾತು. ಸ್ವಿಚ್‌ಬೋರ್ಡ್ ಪಕ್ಕ ಚಂದ ಕಾಣುತ್ತದೆ ಅಂತ ಕೇಳುತ್ತೀರಿ. ಆ ಗೋಡೆಗೆ ಪಡುವಣ ಬಿಸಿಲು ಬಡಿಯುತ್ತಿದ್ದರೆ, ಅಥವಾ ಏಸಿ ಗಾಳಿ ನೇರ ಅದರ ಮೇಲೆ ಬೀಳುತ್ತಿದ್ದರೆ ಅದು ತೋರಿಸುವುದು ಗೋಡೆಯ ಬಿಸಿ, ಗಾಳಿಯ ತಂಪು. ರೂಮಿನ ಟೆಂಪರೇಚರ್ ಸಿಗುವುದಿಲ್ಲ. ನೆಲದಿಂದ ಸುಮಾರು ಐದು ಅಡಿ, ಒಳಗೋಡೆ, ಪರದೆಯ ಹಿಂದೆ ಬೇಡ. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಮೇಲಿನ ಸ್ಲ್ಯಾಬಿನಿಂದ ಇಳಿದು ಬರುವ ಪೈಪಿನ ಬಾಯಿ ಸರಿಯಾಗಿ ಥರ್ಮೋಸ್ಟಾಟ್ ಬೆನ್ನಿಗೇ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಸ್ಲ್ಯಾಬಿನ ಬಿಸಿ ಗಾಳಿ ಆ ಪೈಪಿನೊಳಗೇ ಇಳಿದು ಸೆನ್ಸರ್‌ಗೆ ತಾಗುತ್ತದೆ. ರೂಮು ತಂಪಾಗಿದ್ದರೂ ಏಸಿ ನಿಲ್ಲುವುದಿಲ್ಲ, ಬಿಲ್ ಏರುತ್ತದೆ. ಅದಕ್ಕೇ ನಮ್ಮ ಹುಡುಗರು ಡಬ್ಬಿ ಹಾಕುವ ಮೊದಲು ಪೈಪಿನ ಬಾಯಿಗೆ ಪುಟ್ಟಿ ಮೆತ್ತುತ್ತಾರೆ. ಮೆತ್ತದಿದ್ದರೆ ನೀವೇ ಕೇಳಿ ಮೆತ್ತಿಸಿಕೊಳ್ಳಿ.

ಅಮೆರಿಕದಲ್ಲಿರುವ ಮಗ, ಮಗಳು ತಂದುಕೊಟ್ಟ ಥರ್ಮೋಸ್ಟಾಟ್ ಹಿಡಿದು ಬರುವವರು ಧಾರವಾಡದ ಕಡೆ ಜಾಸ್ತಿ. ಪ್ರೀತಿಯಿಂದ ತಂದದ್ದು, ಬೇಡ ಅನ್ನಲು ನಮಗೂ ಕಷ್ಟ. ಆದರೆ ಅಲ್ಲಿನ ಮಾಮೂಲಿ ಥರ್ಮೋಸ್ಟಾಟ್ 24 ವೋಲ್ಟಿನ ಕಂಟ್ರೋಲ್ ವೈರಿಗೆ ಅಂತ ಮಾಡಿದ್ದು. ನಮ್ಮ ಮನೆಯ ಸ್ಪ್ಲಿಟ್ ಏಸಿಗಳಿಗೆ ಆ ವೈರೇ ಇರುವುದಿಲ್ಲ. ನೇರ 230 ವೋಲ್ಟ್ ಕೊಟ್ಟರೆ ಸುಟ್ಟೇ ಹೋಗುತ್ತದೆ. ದಯವಿಟ್ಟು ತರಿಸುವ ಮೊದಲು ಒಂದು ಫೋನ್ ಮಾಡಿ.

'ವೈರೇ ಬೇಡ, ವೈಫೈ ಹಾಕಿಬಿಡಿ' ಅನ್ನುವವರಿಗೂ ಉತ್ತರ ಹೇಳಬೇಕು. ಒಂದೆರಡು ರೂಮಿಗೆ ಅದು ಸಾಕು, ಹಾಕಿಕೊಡುತ್ತೇವೆ. ಧಾರವಾಡದ ಮಾಳಮಡ್ಡಿಯಂಥ ಕಡೆ ಹಳೆಯ ಮನೆಗಳ ದಪ್ಪ ಗೋಡೆ ದಾಟಿ ಸಿಗ್ನಲ್ ಹೋಗುವುದು ಕಷ್ಟ. ಹೆಚ್ಚಿನ ವೈಫೈ ಥರ್ಮೋಸ್ಟಾಟ್‌ಗಳು ರೂಟರಿನ 2.4 ಗಿಗಾಹರ್ಟ್ಸ್ ಸಿಗ್ನಲ್‌ನಲ್ಲಿ ಮಾತ್ರ ನಡೆಯುತ್ತವೆ, 5ರಲ್ಲಿ ನಡೆಯುವುದಿಲ್ಲ. ಹೊಸ ರೂಟರ್ ತಂದು ಹೆಸರು, ಪಾಸ್‌ವರ್ಡ್ ಬದಲಿಸಿದ ದಿನ ಎಲ್ಲವೂ ಒಟ್ಟಿಗೆ ಮನೆಯ ನೆಟ್‌ವರ್ಕ್‌ನಿಂದ ಹೊರಗೆ. ದೊಡ್ಡ ಮನೆಗೆ ವೈರೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ.

ಇನ್ನು ಖರ್ಚಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಏಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅಂದಿನಿಂದ 'ಟ್ಯಾಕ್ಸ್ ಇಳಿದದ, ನೀವು ಯಾಕೆ ಏರಸ್ತೀರಿ?' ಅಂತ ಕೇಳುತ್ತಿದ್ದೀರಿ. ಇಳಿದದ್ದು ಏಸಿಯ ಮೇಲೆ. ತಾಮ್ರದ ವೈರು, ಥರ್ಮೋಸ್ಟಾಟ್, ನಮ್ಮ ಕೂಲಿ, ಇವುಗಳ ಮೇಲೆ ಮೊದಲೂ ಶೇ. 18 ಇತ್ತು, ಈಗಲೂ ಶೇ. 18 ಇದೆ. ಒಂದು ರೂಪಾಯಿಯೂ ನಮ್ಮ ಗಲ್ಲೆಯಲ್ಲಿ ಉಳಿದಿಲ್ಲ. ತಾಮ್ರದ ಬೆಲೆಯಂತೂ ನಿಮಗೂ ಗೊತ್ತು. ಕಾಯಿಲ್ ತರುವಾಗಲೆಲ್ಲ ಹೊಸ ರೇಟು. ಒಂದೇ ಔಟ್‌ಡೋರ್‌ಗೆ ಹಲವು ಇಂಡೋರ್ ಇರುವ ವಿಆರ್‌ಎಫ್ ಏಸಿಯಾದರೆ, ಹೊರಗಿನ ಹಬ್ ಜೊತೆ ಮಾತಾಡಿಸಲು ಗೇಟ್‌ವೇ ಅನ್ನುವ ದುಭಾಷಿ ಡಬ್ಬಿ ಬೇಕು. ಅದರ ಬೆಲೆ ನೋಡಿ ನಮ್ಮ ಮೇಲೆ ಸಿಟ್ಟಾಗುತ್ತೀರಿ. ಆ ಬೆಲೆಯನ್ನು ಇಡುವುದು ಏಸಿ ಕಂಪನಿ. ಇನ್ನು ಮುಂದೆ ಅದರ ಖರೀದಿ ಬಿಲ್ಲನ್ನೇ ನಿಮ್ಮ ಮುಂದೆ ಇಡುತ್ತೇವೆ.

ಕೆಲಸ ಕಲಿತ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿ ಸಂಬಳ ಜಾಸ್ತಿ, ಅವರನ್ನು ದೂರುವುದಿಲ್ಲ. ಉಳಿದವರನ್ನು ಇಟ್ಟುಕೊಳ್ಳಬೇಕಾದರೆ ನಾವೂ ಸರಿಯಾದ ಪಗಾರ ಕೊಡಬೇಕು. ಮೀಟರು, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು, ರಾತ್ರಿ ತನಕ ಕೂತು ಒಂದು ಮನೆಯ ಐದು ರೂಮನ್ನು ಸರಿ ಮಾಡಿ ಹೋಗುವ ಹುಡುಗರು ಇವರು. ಇವರ ಕೈಗುಣದ ಬಗ್ಗೆ ನಮಗೆ ಹೆಮ್ಮೆ ಇದೆ. ಇಷ್ಟು ಅಚ್ಚುಕಟ್ಟಾಗಿ ಮಾಡುವವರು ಈ ಭಾಗದಲ್ಲಿ ಬಹಳ ಜನ ಇಲ್ಲ.

ಹಳೆಯ ಗ್ರಾಹಕರು ಗಾಬರಿಯಾಗಬೇಡಿ. ಈಗಾಗಲೇ ನಾವು ಹಾಕಿದ ಲೈನುಗಳಿಗೆ ಹೊಸ ದರ ಅನ್ವಯವಾಗುವುದಿಲ್ಲ. ಅವುಗಳಲ್ಲಿ ಏನಾದರೂ ಕೆಟ್ಟರೆ ಮೊದಲಿನಂತೆಯೇ ಬರುತ್ತೇವೆ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದು, ಸೆಕೆಗಾಲದಲ್ಲಿ ಏಸಿ ನಿಂತರೆ ಸಂಕೋಚ ಮಾಡಬೇಡಿ, ಅಂಗಡಿ ಮುಚ್ಚಿದ್ದರೂ ಫೋನ್ ಎತ್ತುತ್ತೇವೆ. ಗದಗ, ಹಾವೇರಿ ಕಡೆಯವರಿಗೆ ಮಾತ್ರ ಒಂದು ವಿನಂತಿ. ಬರೀ ಸೆಟ್ಟಿಂಗ್ ಬದಲಿಸುವ ಕೆಲಸವಿದ್ದರೆ ಫೋನಿನಲ್ಲೇ ಹೇಳಿಕೊಡುತ್ತೇವೆ. ಅಷ್ಟು ದೂರ ಬರುವ ಕೆಲಸಗಳನ್ನು ಒಟ್ಟು ಮಾಡಿಕೊಂಡು ಒಂದೇ ದಿನ ಬಂದರೆ ನಿಮ್ಮ ಖರ್ಚೂ ಉಳಿಯುತ್ತದೆ.

ಇನ್ನು ಮೇಲೆ ಕೆಲಸ ಮುಗಿದ ದಿನವೇ ನಿಮ್ಮ ಕೈಗೆ ಒಂದು ಫೈಲು ಕೊಡುತ್ತೇವೆ. ಗಿಲಾವ್‌ಗೆ ಮೊದಲು ತೆಗೆದ ವೈರಿನ ಫೋಟೊ, ಯಾವ ರೂಮಿಗೆ ಯಾವ ಅಡ್ರೆಸ್, ಕೊನೆಗೆ ಮೀಟರ್ ತೋರಿಸಿದ ಅಂಕಿ, ಹಬ್‌ನ ಪಾಸ್‌ವರ್ಡ್ ಎಲ್ಲ ಅದರಲ್ಲಿರುತ್ತವೆ. ನಾಳೆ ನೀವು ಬೇರೆಯವರಿಂದ ಕೆಲಸ ಮಾಡಿಸಿದರೂ ಆ ಫೈಲು ನಿಮ್ಮದೇ. ಹಳೆಯ ಗ್ರಾಹಕರಲ್ಲಿ ಯಾರಿಗೆ ಬೇಕೋ ಕೇಳಿ, ಮಾಡಿಕೊಡುತ್ತೇವೆ.

ಈಗಾಗಲೇ ಕೊಟೇಶನ್ ಒಪ್ಪಿ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ. ಗಿಲಾವ್ ಯಾವ ವಾರ ಶುರು ಅಂತ ನಿಮ್ಮ ಗೌಂಡಿಯನ್ನು ಕೇಳಿ ನಮಗೆ ಮುಂಚೆಯೇ ತಿಳಿಸಿ, ಅದಕ್ಕೆ ಮೊದಲು ನಮ್ಮ ಹುಡುಗ ಬಂದು ಲೈನು ನೋಡಿ ಹೋಗುತ್ತಾನೆ. ಆ ಭೇಟಿಗೆ ಚಾರ್ಜ್ ಇಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಎಲ್ಲರ ಪರವಾಗಿ
ಗೋಕುಲ ರಸ್ತೆ, ಹುಬ್ಬಳ್ಳಿ